ಗಾಡಿ ಬಿಚ್ಚಿದ ಭಾನುವಾರ

ಆ ಭಾನುವಾರ ನಾನು ಗೆದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದವನ ನೆನಪನ್ನು ಎಷ್ಟು ನಂಬಬೇಕೆಂದು ಓದುವವರೇ ತೀರ್ಮಾನಿಸಿಕೊಳ್ಳಲಿ. ಸೋತಿದ್ದರೆ ಆ ದಿನದ ಬಿಸಿಲು, ಅಡುಗೆಮನೆಯ ಹೊಗೆ, ಭಾವನ ಬಿಳಿ ಮುಂಡಾಸು ಎಲ್ಲವೂ ನನಗೆ ಬೇರೆ ಬಣ್ಣದಲ್ಲಿ ನೆನಪಿರುತ್ತಿದ್ದವೋ ಏನೋ. ದಿನಚರಿ ಬರೆಯುವ ಅಭ್ಯಾಸ ಮದರಾಸಿನಲ್ಲಿ ಬಿ.ಎ. ಓದುವಾಗಲೇ ಬಂದದ್ದು. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಭಾವ ಬಂದಿದ್ದರು. ಪುಂಡಿ, ಕೋಳಿ. ಮಗಳು ಇಲ್ಲೇ." ಬಹಳ ಸಂತೋಷವಾದ ದಿನ ನಾನು ಹೆಚ್ಚು ಬರೆಯುವುದಿಲ್ಲ ಎಂದು ಹಳೆಯ ಪುಟಗಳನ್ನು ತಿರುವಿದಾಗ ಗೊತ್ತಾಗುತ್ತದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನಾವು ಆಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿರುವುದು ಕನ್ನಡ. ಆದ್ದರಿಂದ ಮಾತುಗಳು ಅವರವೇ ಆದರೂ ಪದಗಳು ನನ್ನವು.

ಆಗ ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಬಂದರಿಗೆ ಇಳಿಯುವ ದಾರಿಯಲ್ಲಿ ಬಾಡಿಗೆಯ ಹೆಂಚಿನ ಮನೆ. ಹೆಂಡತಿ ಜ್ವರದಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಮಗಳಿಗೆ ಏಳು ವರ್ಷ. ಅಡುಗೆಗೆಂದು ನನ್ನ ಚಿಕ್ಕಮ್ಮ ಬಂದಿದ್ದರು. ಅವರು ತಮ್ಮ ಮಗಳ ಬಾಣಂತನಕ್ಕೆಂದು ಹೋದವರು ಅಲ್ಲೇ ಉಳಿದುಬಿಟ್ಟರು. ಅಂದಿನಿಂದ ಒಲೆ ನನ್ನ ಪಾಲಿಗೆ ಬಂತು. ಮದುವೆ, ಭೂತಕೋಲದ ಊಟಕ್ಕೆ ಗಂಡಸರು ದೊಡ್ಡ ದೊಡ್ಡ ಹಂಡೆಗಳಲ್ಲಿ ಬೇಯಿಸುತ್ತಾರೆ, ಅದನ್ನು ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಗಂಡಸೊಬ್ಬ ದಿನಾ ಬೆಳಿಗ್ಗೆ ಸಣ್ಣ ಗಡಿಗೆಯಲ್ಲಿ ಇಬ್ಬರಿಗೆ ಗಂಜಿ ಇಡುತ್ತಾನೆ ಎಂದರೆ ಕೇಳಿದವರಿಗೆ ನಗು ಬರುತ್ತದೆ. ನಗುತ್ತ ನಗುತ್ತ ಆ ಸುದ್ದಿ ಕೂಳೂರಿನ ಹೊಳೆ ದಾಟಿ ಪಣಂಬೂರಿಗೆ, ನನ್ನ ಹೆಂಡತಿಯ ಮನೆಗೆ ಮುಟ್ಟಿತು.

ನಮ್ಮಲ್ಲಿ ಮಕ್ಕಳು ತಾಯಿಯ ಮನೆಯವರು. ಹೆಸರು, ಪಾಲು, ಮನೆಯ ದೈವಕ್ಕೆ ಕೈಮುಗಿಯುವ ಹಕ್ಕು ಎಲ್ಲ ಆ ಕಡೆಯಿಂದ ಬರುತ್ತದೆ. ಮಗುವಿನ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದು. ತಂದೆ ಎಂದರೆ ಹೆಚ್ಚೆಂದರೆ ತುಂಬ ಪ್ರೀತಿಯ ನೆಂಟ. ಆದ್ದರಿಂದ ನನ್ನ ಹೆಂಡತಿಯ ಅಣ್ಣ ಒಂದು ಸಂಜೆ ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

"ಭಾವ, ಹೆಣ್ಣು ಮಗು ಅದು. ಗಂಡಸಿನ ಕೈಯ ಗಂಜಿಯಲ್ಲಿ ಎಷ್ಟು ದಿನ ಬೆಳೆಯುವುದು? ಅಮ್ಮ ದಿನಾ ಅವಳನ್ನು ನೆನೆದು ಕೂಗ್ತಾರೆ. ಬರುವ ಭಾನುವಾರ ಗಾಡಿ ತರ್ತೇನೆ."

"ಅವಳ ಶಾಲೆ ಉಂಟಲ್ಲ ಭಾವ?"

"ಅಲ್ಲಿಯೂ ಶಾಲೆ ಉಂಟು. ಅಲ್ಲಿ ಅಡುಗೆಮನೆಯೂ ಉಂಟು."

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಹೇಳಿದೆ: "ಗಾಡಿ ತನ್ನಿ. ಆದರೆ ಊಟ ಇಲ್ಲಿಯೇ ಮಾಡಬೇಕು. ಊಟ ಮಾಡಿದ ಮೇಲೂ ಇವಳು ಇಲ್ಲಿ ಇರಬಾರದು ಅಂತ ನಿಮಗೆ ಕಂಡರೆ ಕರ್ಕೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ."

"ಎಂತ ಊಟ?"

"ನೀರುದೋಸೆ, ಕೋಳಿ ಗಸಿ."

ಭಾವ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ನಕ್ಕರು. "ನೀರುದೋಸೆಯಾ! ನೀವಾ! ಆಗಲಿ ಮಾರಾಯ್ರೆ, ಬರ್ತೇನೆ."

ನೀರುದೋಸೆಯೇ ಏಕೆ ಬಾಯಿಗೆ ಬಂತೋ ತಿಳಿಯದು. ನನ್ನ ಹೆಂಡತಿಯ ನೀರುದೋಸೆ ಎಂದರೆ ಭಾವನಿಗೆ ಪ್ರಾಣ. ಅದನ್ನು ತಿನ್ನಲೆಂದೇ ಹೊಳೆ ದಾಟಿ ಬರುತ್ತಿದ್ದರು. ಬಹುಶಃ ಅವಳ ಅಡುಗೆಯಿಂದಲೇ ಅವರನ್ನು ಗೆಲ್ಲಬೇಕು ಎಂದು ಒಳಗೆಲ್ಲೋ ಹಟವಿತ್ತು. ಅಥವಾ ಇದೆಲ್ಲ ನಾನು ಈಗ ಕಟ್ಟುತ್ತಿರುವ ಕಾರಣವೋ? ಗಂಜಿ, ಸಾರು, ಬೂತಾಯಿ, ಬಂಗುಡೆ ಮೀನು ಇವು ನನ್ನ ಕೈಗೆ ಬಂದಿದ್ದವು. ನೀರುದೋಸೆಯನ್ನು ಒಮ್ಮೆಯೂ ಮಾಡಿರಲಿಲ್ಲ. ನೋಡಿದ್ದೆ, ತಿಂದಿದ್ದೆ. ಅಷ್ಟೇ ಸಾಕೆಂದುಕೊಂಡಿದ್ದೆ. ಓದಿದ ಮಂದಿಗೆ ನೋಡಿದ್ದೆಲ್ಲ ಬರುತ್ತದೆ ಎಂಬ ಭ್ರಮೆ ಇರುತ್ತದೆ.

ಶನಿವಾರ ಸಂಜೆ ಅಕ್ಕಿ ನೆನೆಹಾಕಿದೆ. ಭಾನುವಾರ ಬೆಳಿಗ್ಗೆ ಕೋಳಿ ಗಸಿ ಮೊದಲು ಮುಗಿಸಿದೆ. ಮೆಣಸು, ಕೊತ್ತಂಬರಿ, ಜೀರಿಗೆ ಹುರಿದು, ತೆಂಗಿನಕಾಯಿ ಹಾಕಿ ಅರೆದು, ಕೊನೆಗೆ ಕಾಯಿಹಾಲು ಸುರಿದು ಇಳಿಸಿದಾಗ ಮನೆಯೆಲ್ಲ ಘಮ ಘಮ. ಆಮೇಲೆ ಅಕ್ಕಿಯನ್ನು ಕಡೆಯುವ ಕಲ್ಲಿಗೆ ಹಾಕಿದೆ. ಅದು ಬೇಗ ನುಣ್ಣಗಾಗಲೇ ಇಲ್ಲ. ತೋಳು ಸೋತು ಬಂತು. ಹಿಟ್ಟಿನ ಬಣ್ಣ ಸ್ವಲ್ಪ ಕೆಂಪಗೆ ಕಂಡಿತು. ಬೆಳಕು ಕಡಿಮೆ ಇರಬೇಕು ಎಂದುಕೊಂಡೆ. ನೀರು ಧಾರಾಳ ಬೆರೆಸಿ, ಕಾವಲಿ ಕಾಯಿಸಿ, ಬಾಳೆದಿಂಡಿನ ತುಂಡಿನಿಂದ ಎಣ್ಣೆ ಸವರಿ ಮೊದಲ ಸೌಟು ಹೊಯ್ದೆ.

ಅದು ಕಾವಲಿಯನ್ನು ಹಿಡಿದುಕೊಂಡಿತು. ಬಿಡಲಿಲ್ಲ. ಸಟ್ಟುಗದಿಂದ ಎಬ್ಬಿಸಿದರೆ ಅಂಟಾಗಿ ಮುದ್ದೆಯಾಗಿ ಬಂತು. ಎರಡನೆಯದೂ ಹಾಗೆಯೇ. ಇನ್ನೊಂದನ್ನು ಎಬ್ಬಿಸಲು ಕೊಬ್ಬರಿ ಕೆರೆದ ಹಾಗೆ ಕೆರೆಯಬೇಕಾಯಿತು. ಆ ಸದ್ದು ಪಕ್ಕದ ಮನೆಗೆ ಕೇಳಿರಬೇಕು. ಅಲ್ಲಿ ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಬ್ಯಾರಿಗಳ ಸಂಸಾರ. ಆ ಮನೆಯ ಹಿರಿಯ ಹೆಂಗಸು ಗೋಡೆಯಾಚೆಯಿಂದಲೇ ಕೇಳಿದರು:

"ಎಂತ ಮಾಸ್ಟ್ರೇ, ಕಾವಲಿಯ ಒಟ್ಟಿಗೆ ಜಗಳವಾ?"

"ನೀರುದೋಸೆ ಮಾಡ್ತಾ ಇದ್ದೇನೆ!"

"ಓ, ನಾನು ದೋಣಿಯ ಅಡಿ ಕೆರೆಯುವುದು ಅಂತ ಗ್ರಹಿಸಿದೆ."

ಮಗಳು ಬಾಗಿಲಲ್ಲಿ ನಿಂತು ಜೋರಾಗಿ ನಕ್ಕಳು. ಆಗ ನನಗೆ ಅಕ್ಕಿಯ ಡಬ್ಬದ ನೆನಪಾಯಿತು. ದಿನಾ ಗಂಜಿಗೆ ಕೈ ಹಾಕುವ ಡಬ್ಬಕ್ಕೇ ಕೈ ಹೋಗಿತ್ತು. ನಾನು ನೆನೆಹಾಕಿದ್ದು ಕುಚ್ಚಲಕ್ಕಿ, ಗಂಜಿಯ ಅಕ್ಕಿ! ನೀರುದೋಸೆಗೆ ಬೇಕಾದ ಬೆಳ್ತಿಗೆ ಅಕ್ಕಿ ಮೇಲಿನ ಹಲಗೆಯ ಮೇಲೆ ಬೇರೆ ಭರಣಿಯಲ್ಲಿ, ಚಿಕ್ಕಮ್ಮ ಹೋದಂದಿನಿಂದ ಮುಟ್ಟಿದವರಿಲ್ಲದೆ ಕೂತಿತ್ತು. ಬೆಂದ ಭತ್ತದ ಅಕ್ಕಿಯನ್ನೇ ಮೂರು ಹೊತ್ತು ತಿನ್ನುವ ನಮ್ಮ ಕಡೆಯವನಿಗೆ ಬಿಟ್ಟು ಇನ್ನಾರಿಗೂ ಇಂಥ ಕೈಮರೆವು ಆಗಲಾರದು. ಈಗ ಬೆಳ್ತಿಗೆ ನೆನೆಹಾಕಿ ಅರೆಯಲು ಹೊತ್ತಿರಲಿಲ್ಲ. ಭಾವನ ಗಾಡಿ ಈಗಾಗಲೇ ಜೋಡಿ ದೋಣಿಯ ಮೇಲೆ ಕೂಳೂರಿನ ಹೊಳೆ ದಾಟುತ್ತಿರಬೇಕು. ಮಗಳ ತಗಡಿನ ಪೆಟ್ಟಿಗೆ ಜಗಲಿಯಲ್ಲಿ ಸಿದ್ಧವಾಗಿ ಕೂತಿತ್ತು. ಮಾತು ಕೊಟ್ಟ ಮೇಲೆ ಕಟ್ಟಿಡದೆ ಇರುವುದು ಸರಿಯಲ್ಲ ಎಂದು ನಾನೇ ಕಟ್ಟಿಟ್ಟಿದ್ದೆ.

ಇಷ್ಟು ಹಿಟ್ಟನ್ನು ಚೆಲ್ಲುವುದು ಹೇಗೆ? ಉಳಿದ ನೀರು ಹಿಟ್ಟನ್ನೆಲ್ಲ ಬಾಣಲೆಗೆ ಸುರಿದು ಒಲೆಯ ಮೇಲಿಟ್ಟು ಮಗುಚತೊಡಗಿದೆ. ಗಟ್ಟಿಯಾದರೆ ಏನಾದರೂ ಮಾಡಬಹುದು ಎಂಬುದಕ್ಕಿಂತ ಹೆಚ್ಚಿನ ಯೋಚನೆ ಇತ್ತೆಂದು ಹೇಳಲಾರೆ. ನೀರು ಹೀರಿ ಹೀರಿ ಹಿಟ್ಟು ಒಂದೇ ಉಂಡೆಯಾಗಿ ಬಾಣಲೆಯ ಅಂಚು ಬಿಟ್ಟು ಬಂತು. ಮಗಳು ಬಿಸಿಯನ್ನು ಲೆಕ್ಕಿಸದೆ ಒಂದು ಚೂರು ಚಿವುಟಿ ಅಂಗೈಯಲ್ಲಿ ಗುಂಡಗೆ ಉರುಟಿಸಿ, ನಡುವೆ ಹೆಬ್ಬೆರಳಿನಿಂದ ಒತ್ತಿ ನನ್ನ ಮುಂದೆ ಹಿಡಿದಳು.

"ಅಪ್ಪ, ಇದು ಪುಂಡಿ ಅಲ್ವಾ?"

ಪುಂಡಿಯೇ. ಕುಚ್ಚಲಕ್ಕಿಯನ್ನು ಅರೆದು, ಬಾಣಲೆಯಲ್ಲಿ ಮಗುಚಿ, ಉಂಡೆ ಮಾಡಿ ಹಬೆಯಲ್ಲಿ ಬೇಯಿಸುವ ಪುಂಡಿ. ನಾನು ಹಾಳುಮಾಡಿದೆ ಎಂದುಕೊಂಡದ್ದೆಲ್ಲ ಪುಂಡಿಯ ದಾರಿಯಲ್ಲಿ ಸರಿಯಾಗಿಯೇ ನಡೆದಿತ್ತು! ಕಾಯಿತುರಿ, ಉಪ್ಪು ಹಾಕಿ ನಾದಿದೆ. ಇಬ್ಬರೂ ನೆಲದ ಮೇಲೆ ಕೂತೆವು. ಅವಳು ಸರಸರನೆ ಉರುಟಿಸುತ್ತಿದ್ದಳು. ಅಮ್ಮನ ಪಕ್ಕದಲ್ಲಿ ಕೂತು ಕಲಿತದ್ದಿರಬೇಕು. ಅದುವರೆಗೆ ಅವಳನ್ನು ಒಲೆಯ ಹತ್ತಿರ ಬರಲೂ ಬಿಟ್ಟಿರಲಿಲ್ಲ ನಾನು. ಕೈ ಸುಟ್ಟೀತು, ಓದು ಕೆಟ್ಟೀತು ಎಂಬ ಭಯ. ಮಗುವನ್ನು ಸಾಕುವುದೆಂದರೆ ಎಲ್ಲವನ್ನೂ ನಾನೇ ಮಾಡಿ ಅವಳ ಮುಂದಿಡುವುದು ಎಂದು ತಿಳಿದಿದ್ದೆ. ಆ ಬೆಳಿಗ್ಗೆ ಮೊದಲ ಬಾರಿ ನಾವಿಬ್ಬರೂ ಒಂದು ಮನೆಯವರಂತೆ ಕೆಲಸ ಮಾಡಿದೆವು.

ಹಬೆಪಾತ್ರೆಯ ಮುಚ್ಚಳ ಕುಣಿಯತೊಡಗಿದಾಗ ಬೀದಿಯಲ್ಲಿ ಎತ್ತಿನ ಗಂಟೆ ಕೇಳಿತು. ಭಾವ ಇಳಿದವರೇ ಗಾಡಿಯವನಿಗೆ ಕೂಗಿ ಹೇಳಿದರು: "ಎತ್ತು ಬಿಚ್ಚುವುದು ಬೇಡ. ಊಟ ಆದ ಕೂಡಲೇ ಹೊರಡುವುದು."

"ಬಿಸಿಲು ಉಂಟಲ್ಲ ಧಣಿಗಳೇ," ಎಂದು ಅವನು ಗೊಣಗಿದ.

"ಬೇಗ ಆಗ್ತದೆ ಮಾರಾಯ. ಒಳಗೆ ಅಂಥ ಊಟ ಎಂತದ್ದೂ ಇರ್ಲಿಕ್ಕಿಲ್ಲ."

ನನಗೆ ಕೇಳಲಿ ಎಂದೇ ಹೇಳಿದ್ದು. ಭಾವ ಬಂದು ಕೈಕಾಲು ತೊಳೆದು ಬಾಳೆಲೆಯ ಮುಂದೆ ಕೂತರು. ನಾನು ಹಬೆಯಾಡುವ ಪುಂಡಿಗಳನ್ನು ಬಡಿಸಿದೆ. ಅವರು ಎಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೀರುದೋಸೆ ಎಲ್ಲಿ ಭಾವ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಅದು ಕಾವಲಿಯಲ್ಲೇ ಸತ್ತಿತು ಮಾಮ. ಈಗ ಪುಂಡಿಯಾಗಿ ಹುಟ್ಟಿದೆ."

ಭಾವ ತಡೆಯಲಾರದೆ ನಕ್ಕರು. ಒಂದು ಪುಂಡಿ ಮುರಿದು ಗಸಿಯಲ್ಲಿ ಅದ್ದಿ ಬಾಯಿಗಿಟ್ಟರು. ಇನ್ನೊಂದನ್ನು ಮುರಿದರು. ನಾನು ಸೌಟು ಹಿಡಿದು ನಿಂತೇ ಇದ್ದೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದು ನಿಂತಿರಲಿಲ್ಲ.

"ಇನ್ನೆರಡು ಹಾಕಿ," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಇದರಲ್ಲಿ ನೀನು ಮಾಡಿದ್ದು ಯಾವುದು?"

"ಉರುಟು ಇದ್ದದ್ದೆಲ್ಲ ನಂದು. ಉದ್ದ ಉಂಟಲ್ಲ, ಅದು ಅಪ್ಪನದ್ದು. ಅಪ್ಪನಿಗೆ ಉರುಟು ಮಾಡ್ಲಿಕ್ಕೆ ಬರುದಿಲ್ಲ."

"ಮತ್ತೆ ದಿನಾ ಎಂತ ಕೊಡ್ತಾರೆ ನಿನ್ನಪ್ಪ?"

"ಬೆಳಿಗ್ಗೆ ಗಂಜಿ, ಮಾವಿನ ಉಪ್ಪಿನಕಾಯಿ. ಮಧ್ಯಾಹ್ನ ಬೂತಾಯಿ. ಒಂದು ಬದಿ ಕರಿ ಆಗ್ತದೆ, ಆ ಬದಿ ಅಪ್ಪ ತಿಂತಾರೆ. ಜಡೆ ಹಾಕ್ತಾರೆ, ಆದ್ರೆ ಒಂದು ಮೇಲೆ ಹೋಗ್ತದೆ, ಒಂದು ಕೆಳಗೆ."

ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದಾಳೋ ವಿರುದ್ಧವೋ ತಿಳಿಯಲಿಲ್ಲ. ಭಾವ ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಹಾಗಾದ್ರೆ ನಮ್ಮ ಮನೆಗೆ ಬರ್ತೀಯಾ ಮಗಾ? ಅಜ್ಜಿ ಕಾಯ್ತಾ ಇದ್ದಾರೆ."

ಆ ಪ್ರಶ್ನೆಯನ್ನು ನಾನು ಅವಳಿಗೆ ಒಮ್ಮೆಯೂ ಕೇಳಿರಲಿಲ್ಲ. ಮಾತು ಕೊಟ್ಟದ್ದು ನಾನು, ಪೆಟ್ಟಿಗೆ ಕಟ್ಟಿದ್ದು ನಾನು, ಅಡುಗೆಯಲ್ಲಿ ಗೆಲ್ಲಹೊರಟದ್ದು ನಾನು. ಅವಳನ್ನು ಕೇಳಿದ್ದು ಭಾವ.

ಅವಳು ಸ್ವಲ್ಪ ಯೋಚಿಸಿದಳು. "ರಜೆಯಲ್ಲಿ ಬರ್ತೇನೆ. ಈಗ ಬಂದ್ರೆ ಅಪ್ಪನಿಗೆ ಉರುಟು ಪುಂಡಿ ಯಾರು ಮಾಡಿಕೊಡುದು?"

ಭಾವ ಎಲೆಯ ಮೇಲಿದ್ದ ಕೊನೆಯ ಪುಂಡಿಯನ್ನು ಮುಗಿಸಿದರು. ಆಮೇಲೆ ಎಂಜಲು ಕೈಯಲ್ಲೇ ಎದ್ದು ಜಗಲಿಗೆ ಹೋಗಿ, ಬೀದಿಗೆ ಕೇಳುವಂತೆ ಕೂಗಿದರು: "ಏ, ಗಾಡಿ ಬಿಚ್ಚು ಮಾರಾಯ! ಎತ್ತಿಗೆ ನೀರು ಕುಡಿಸಿ ಬಾ. ಒಳಗೆ ಊಟ ಉಂಟು. ಒಳ್ಳೆಯ ಊಟ ಉಂಟು!"

ಆ ಕೂಗಿಗಿಂತ ದೊಡ್ಡ ಜಯಘೋಷವನ್ನು ನಾನು ಕೇಳಿಲ್ಲ. ಗೋಡೆಯಾಚೆಯ ಹೆಂಗಸೂ "ಆಯ್ತಾ ಮಾಸ್ಟ್ರೇ, ದೋಣಿ ದಡ ಸೇರಿತಾ?" ಎಂದರು. ಸೇರಿತು ಎಂದೆ.

ಬಿಸಿಲು ಇಳಿದ ಮೇಲೆ ಭಾವ ಹೊರಟರು. ಅಜ್ಜಿಗೆಂದು ಬಾಳೆಲೆಯಲ್ಲಿ ಉರುಟು ಪುಂಡಿಗಳನ್ನೇ ಆರಿಸಿ ಕಟ್ಟಿಕೊಟ್ಟೆವು. "ರಜೆ ಸುರುವಾದ ದಿನವೇ ಗಾಡಿ ಬರ್ತದೆ, ಹಾಂ!" ಎಂದು ನನಗೆ ಬೆರಳು ತೋರಿಸಿ ಹೇಳಿದರು. ಮಾವನ ಅಧಿಕಾರವನ್ನು ಅವರೇನೂ ಬಿಟ್ಟುಕೊಡಲಿಲ್ಲ, ನನಗೂ ಅದು ಬೇಕಿರಲಿಲ್ಲ.

ಮೊನ್ನೆ ಈ ಕತೆಯನ್ನು ಈಗ ಕಾಲೇಜು ಓದುತ್ತಿರುವ ಮಗಳ ಮುಂದೆ ಹೇಳಿದೆ. ಅವಳಿಗೆ ಪುಂಡಿಯ ನೆನಪಿಲ್ಲ, ತಾನು ಆಡಿದ ಮಾತಿನ ನೆನಪೂ ಇಲ್ಲ. "ನನಗೆ ಗಾಡಿಯಲ್ಲಿ ಕೂರುವ ಆಸೆ ಇತ್ತು ಅಪ್ಪ. ಬೀದಿಯ ತಿರುವಿನ ತನಕ ಮಾಮ ಕೂರಿಸಿಕೊಂಡು ಹೋದರು. ಅದೊಂದೇ ನೆನಪು," ಎಂದಳು. ಹಾಗಾದರೆ ಅಂದು ಅವಳು ನಮ್ಮ ಮನೆಯನ್ನು ಆರಿಸಿದಳು ಎಂಬುದು ನಾನು ಕಟ್ಟಿಕೊಂಡದ್ದೇ? ಇರಲಾರದು. ಆ ತಿರುವು ನನಗೂ ನೆನಪಿದೆ.

ಗಾಡಿ ಅವಳನ್ನು ಕೂರಿಸಿಕೊಂಡು ಹೊರಟಾಗ ನಾನು ಬೀದಿಯಲ್ಲಿ ನಿಂತಿದ್ದೆ. ತಮಾಷೆಗೆಂದು ಗೊತ್ತಿದ್ದರೂ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದೆ. ತಿರುವಿನಲ್ಲಿ ಗಾಡಿ ನಿಂತಿತು. ಅವಳು ಕೆಳಗೆ ಹಾರಿ, ತಿರುಗಿಯೂ ನೋಡದೆ, ಮೇಲೊಂದು ಕೆಳಗೊಂದು ಜಡೆ ಕುಣಿಸುತ್ತ ನನ್ನ ಕಡೆ ಓಡಿಬಂದಳು.

"ಅಪ್ಪ, ಹಸಿವಾಗ್ತದೆ. ಪುಂಡಿ ಉಂಟಾ?"

ಇತ್ತು. ಉದ್ದದ್ದು ಮಾತ್ರ ಉಳಿದಿತ್ತು. ಅವಳು ತಕರಾರಿಲ್ಲದೆ ತಿಂದಳು.