ಗೀರು ಬೀಳದಂತೆ ಗಾಡಿ ತರುವ ಗುಡುಸಾಬ

ಬೆಳಗಿನ ಐದೂವರೆ. ವಿಜಾಪುರದ ಸ್ಟೇಶನ್ ರಸ್ತೆಯಲ್ಲಿರುವ ಕಾರು ಏಜೆನ್ಸಿಯ ಹಿತ್ತಲಲ್ಲಿ ಇನ್ನೂ ಮಬ್ಬುಗತ್ತಲೆ. ಗುಡುಸಾಬ ಬೆರಳಿನ ಉಂಗುರ ತೆಗೆದು ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಎರಡು ಕೊಡ ನೀರು, ಹಳೆಯ ಧೋತರದ ಎರಡು ತುಂಡು. ನಿನ್ನೆ ಸಂಜೆ ಮುಂಬಯಿಯಿಂದ ಅವರೇ ಓಡಿಸಿಕೊಂಡು ಬಂದ ಬಿಳಿ ಕಾರಿನ ಮೇಲೆ ಮೂರು ಜಿಲ್ಲೆಗಳ ಧೂಳಿದೆ. ಅವರು ಅದನ್ನು ಒರೆಸುವುದಿಲ್ಲ. ಮೇಲಿನಿಂದ ನೀರು ಬಿಟ್ಟು, ಧೂಳು ತಾನಾಗಿ ಇಳಿದು ಹೋಗುವವರೆಗೆ ಕಾಯುತ್ತಾರೆ.

"ಒಣಾ ಧೂಳ ಒರಸಿದ್ರ ಉಸುಕ ಹಚ್ಚಿ ತಿಕ್ಕಿದಂಗ್ರಿ" ಎನ್ನುತ್ತಾರೆ. "ಹೊಸಾ ಬಣ್ಣ ಅಂದ್ರ ಕೂಸಿನ ಚರ್ಮ. ಅದರ ಮ್ಯಾಲ ಜೋರ ಮಾಡಬಾರ್ದು."

ಅವರ ಅಂಗಿಗೆ ಗುಂಡಿಗಳಿಲ್ಲ. ಎದೆಯ ಮೇಲೆ ಮೂರು ಕಡೆ ಬಟ್ಟೆಯ ಕಸೆ ಕಟ್ಟಿಕೊಂಡಿದ್ದಾರೆ. ಬಗ್ಗಿದಾಗ ಗುಂಡಿ ಕಾರಿಗೆ ತಾಗೀತೆಂದು ಹೆಂಡತಿ ಮದೀನಾಬಿ ಹೊಲಿದುಕೊಟ್ಟ ಅಂಗಿ ಅದು. ಕಾರಿನ ಕೀಲಿಕೈಗೂ ಕಬ್ಬಿಣದ ಬಳೆಯಿಲ್ಲ, ನೂಲಿನ ದಾರ. ಟಿಕೋಟಾದ ಮನೆಯಲ್ಲಿ ಮದೀನಾಬಿ ಈ ಮಾತು ಬಂದರೆ ನಗುತ್ತಾರೆ. "ಗಾಡಿ ಮ್ಯಾಲ ಇಟ್ಟ ಜೀವಾ ನನ್ನ ಮ್ಯಾಲ ಇಟ್ಟಿದ್ರ ನಾನೂ ಇನ್ನಾ ಹೊಸಾಕಿನ ಇರ್ತಿದ್ದೆ, ನೋಡ್ರಿ."

ಹೊಸ ಕಾರು ಬೇಕಾದವರು ಏಜೆನ್ಸಿಗೆ ಬಂದು ಹೆಸರು ಬರೆಸುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಕೊನೆಗೊಂದು ದಿನ ಕಾರು ಬರುತ್ತದೆ, ಹೂವಿನ ಹಾರ ಹಾಕಿಸಿಕೊಳ್ಳುತ್ತದೆ, ಮನೆಮಂದಿಯೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾರ್ಖಾನೆಯ ಬಾಗಿಲಿನಿಂದ ಆ ಹಾರದವರೆಗಿನ ದಾರಿ ಗುಡುಸಾಬರದು. ಯಾವ ಫೋಟೊದಲ್ಲೂ ಅವರಿಲ್ಲ.

ಹದಿನೆಂಟು ವರ್ಷಗಳಲ್ಲಿ ನೂರಾ ಅರವತ್ತನಾಲ್ಕು ಕಾರುಗಳು. ಹೋಗುವಾಗ ರೈಲು, ಬರುವಾಗ ಹೊಸ ಕಾರು. ತಾತ್ಕಾಲಿಕ ನಂಬರನ್ನು ಕೆಂಪು ಅಕ್ಷರದಲ್ಲಿ ಬರೆದ ರಟ್ಟು ಗಾಜಿಗೆ. ಹೊಸ ಎಂಜಿನ್ನು ಹದಕ್ಕೆ ಬರುವ ತನಕ ತಾಸಿಗೆ ನಲವತ್ತು ಕಿಲೋಮೀಟರ್ ದಾಟಿಸುವಂತಿಲ್ಲ. ಲಾರಿಯವರು ಹಿಂದಿನಿಂದ ಬೈಯುತ್ತಾ ಹೋಗುತ್ತಾರೆ, ಸೈಕಲ್ಲಿನವರು ಪಕ್ಕಕ್ಕೆ ಬಂದು ಇಣುಕಿ ನೋಡುತ್ತಾರೆ. ಕತ್ತಲಾದರೆ ಪೆಟ್ರೋಲ್ ಪಂಪಿನ ಬಯಲಲ್ಲಿ ಕಾರು ನಿಲ್ಲಿಸಿ, ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಸೀಟಿನ ಮೇಲೆ ಎಂದೂ ಮಲಗಿಲ್ಲ. "ಬ್ಯಾರೇದವ್ರ ಹಾಸಿಗಿ ಅಲ್ರೀ ಅದು?" ಎಂದು ಕೇಳುತ್ತಾರೆ. ವಯಸ್ಸು ಐವತ್ತೇಳು. ಬೆನ್ನು ಸೆಟೆಯುತ್ತದೆ, ಇಳಿದ ಮೇಲೆ ನೆಟ್ಟಗಾಗಲು ಹತ್ತು ಹೆಜ್ಜೆ ಬೇಕು.

ಈ ನೂರಾ ಅರವತ್ತನಾಲ್ಕರಲ್ಲಿ ನೂರಾ ಅರವತ್ತಮೂರನೆಯದು ಅವರ ನಿದ್ದೆ ಕೆಡಿಸಿದ ಕಾರು.

ಅದನ್ನು ಬುಕ್ ಮಾಡಿದವರು ಬಬಲೇಶ್ವರದ ಡಾಕ್ಟರ್ ತುಂಗಾಬಾಯಿ. ಸುತ್ತಿನ ಹಳ್ಳಿಗಳ ಹೆರಿಗೆಗೆ ಅವರೇ ಹೋಗುತ್ತಾರೆ: ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಎತ್ತಿನ ಚಕ್ಕಡಿ, ಅದೂ ಇಲ್ಲದಿದ್ದರೆ ನಡಿಗೆ. ಅರವತ್ತೆಂಟನೆಯ ಇಸವಿಯಲ್ಲಿ ಅವರು ಏಜೆನ್ಸಿಗೆ ಬಂದು ಮ್ಯಾನೇಜರ್ ಸಂಗಮೇಶ ಅವರ ಮೇಜಿನ ಮೇಲಿದ್ದ ಚಿತ್ರಗಳ ಪುಸ್ತಕ ತಿರುವಿದರು. ಒಂದು ಪುಟದ ಮೇಲೆ ಬೆರಳಿಟ್ಟರು. ಎರಡೇ ಬಾಗಿಲಿನ, ಮಡಚುವ ಟಾಪಿನ, ಕೆಂಪು ಸ್ಪೋರ್ಟ್ಸ್ ಕಾರು.

ಅಂದು ಗುಡುಸಾಬ ಅಲ್ಲೇ ಇದ್ದರು. ಆ ಮಾತುಕತೆಯನ್ನು ಅವರು ಈಗಲೂ ಇಬ್ಬರ ದನಿಯಲ್ಲೂ ಹೇಳುತ್ತಾರೆ.

"ಬಾಯಾರ, ನಾಕು ಬಾಗಲದ್ದು ತಗೋರಿ. ಇದು ಹುಡುಗರು ಓಡ್ಸೂ ಗಾಡಿ."

"ನಾ ಒಬ್ಬಾಕಿ, ನನ್ನ ಪೆಟಗಿ ಒಂದು. ಎರಡು ಬಾಗಲಾ ಸಾಕು."

"ಮಂದಿ ನಗ್ತಾರ್ರಿ."

"ನಗಲಿ. ಅಳೂ ಮಂದೀನ ದಿನಾ ನೋಡ್ತೀನಿ ನಾ."

ಆರು ವರ್ಷ ಕಾದರು. ಈ ವರ್ಷ ಭಾದ್ರಪದದಲ್ಲಿ ಮದರಾಸಿನ ಕಾರ್ಖಾನೆಯಿಂದ ಕಾಗದ ಬಂತು: ಕಾರು ಸಿದ್ಧವಿದೆ, ಆ ನಮೂನೆಯ ತಯಾರಿಕೆ ನಿಂತಿದೆ, ವಿಜಾಪುರದ ಪಾಲಿಗೆ ಇದೇ ಕೊನೆಯದು. ತುಂಗಾಬಾಯಿಯವರು ತಮ್ಮ ಉತ್ತರದಲ್ಲಿ ಒಂದೇ ಸಾಲು ಬರೆದಿದ್ದರು. ಆರು ವರ್ಷ ಕಾದಿದ್ದೇನೆ, ಗೀರು ಬಿದ್ದ ಕಾರಿಗೆ ಸಹಿ ಹಾಕುವುದಿಲ್ಲ.

"ಗುಡುಸಾಬ, ಇದು ಕೆಟ್ರ ಇನ್ನೊಂದಿಲ್ಲ" ಎಂದರು ಸಂಗಮೇಶ. "ಬಾಯಾರಿಗೆ ಮತ್ತ ಚಕ್ಕಡಿನ ಗತಿ. ಸೀದಾ ಬಬಲೇಶ್ವರಕ್ಕ ಮುಟ್ಟಿಸಿಬಿಡ್ರಿ, ವಿಜಾಪುರಕ್ಕ ಬರಬ್ಯಾಡ್ರಿ."

ಗುಡುಸಾಬರಿಗೆ ಒಂದು ನಿಯಮವಿದೆ. ಹಳ್ಳಿಯ ದಾರಿಗೆ ಸೋಮವಾರ ಹೊಸ ಕಾರು ಇಳಿಸುವುದಿಲ್ಲ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಎರೆಮಣ್ಣಿನಲ್ಲಿ ಗಾಲಿ ಹೂತರೆ ಎತ್ತಲು ಎತ್ತೇ ಬೇಕು. ಬೇರೆ ಯಾವ ವಾರವಾದರೂ ಯಾರಾದರೊಬ್ಬರು ಜೋಡೆತ್ತು ಬಿಚ್ಚಿಕೊಂಡು ಬಂದಾರು, ಸೋಮವಾರ ಬರುವುದಿಲ್ಲ.

ದಾರಿಯಲ್ಲಿ ಅವರ ಬಳಿ ಪಂಚಾಂಗವೂ ಇಲ್ಲ, ಪೇಪರೂ ಇಲ್ಲ. ಹಾಯುವ ಊರುಗಳ ಸಂತೆ ನೋಡಿ ವಾರ ಎಣಿಸುತ್ತಾರೆ. ಹದಿನೆಂಟು ವರ್ಷ ಆ ಲೆಕ್ಕ ತಪ್ಪಿರಲಿಲ್ಲ. ಈ ಸಲ ಚಿತ್ರದುರ್ಗದ ಆಚೆ ಮಳೆಗೆ ಸಿಕ್ಕು ಮೂರು ದಿನ ನಿಂತರು, ಎಣಿಕೆ ಕಲಸಿಹೋಯಿತು. ಮುಂದೆ ಒಂದೂರಿನಲ್ಲಿ ಸಂತೆ ಕೂಡಿತ್ತು. ಅದು ಶನಿವಾರದ ಸಂತೆ ಎಂದು ಅವರಿಗೆ ಗೊತ್ತು. ಹಾಗಾದರೆ ನಾಳೆ ರವಿವಾರ, ಬಬಲೇಶ್ವರ ಮುಟ್ಟಬಹುದು ಎಂದುಕೊಂಡರು. ಮಳೆಯ ದೆಸೆಯಿಂದ ಆ ಊರಿನವರು ಸಂತೆಯನ್ನು ಒಂದು ದಿನ ಮುಂದಕ್ಕೆ ಹಾಕಿದ್ದರೆಂದು ಅವರಿಗೆ ಯಾರೂ ಹೇಳಲಿಲ್ಲ.

ಮರುದಿನ ಮುಂಜಾನೆ ಜೈನಾಪುರದ ಹತ್ತಿರ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಗುಡುಸಾಬ ಪಕ್ಕದ ಚಕ್ಕಡಿ ದಾರಿಗೆ ತಿರುಗಿದರು. ಬೇರೆ ಕಾರಾಗಿದ್ದರೆ ದಾಟುತ್ತಿತ್ತೇನೋ. ಇದರ ಹೊಟ್ಟೆ ನೆಲಕ್ಕೆ ಗೇಣಿನಷ್ಟೇ ಎತ್ತರ. ಐವತ್ತು ಮಾರು ಹೋಗುವಷ್ಟರಲ್ಲಿ ನಾಲ್ಕೂ ಗಾಲಿ ಹೂತವು. ಕಾರು ಎಮ್ಮೆ ಕೂತಂತೆ ಕೂತುಬಿಟ್ಟಿತು. ದಾರಿಯ ಎರಡೂ ಬದಿ ಜಾಲಿಮುಳ್ಳಿನ ಬೇಲಿ. ಜಾರಿದರೆ ಸೀದಾ ಮುಳ್ಳಿಗೆ.

ಬೇಲಿಯಾಚೆ ಹೊಲದ ಬದುವಿನಲ್ಲಿ ಅಮೋಘಿ ಎಂಬ ರೈತ ಬೇವಿನ ಕಡ್ಡಿ ಅಗಿಯುತ್ತಾ ನಿಂತಿದ್ದ. ಗುಡುಸಾಬ ಕೈಮುಗಿದರು.

"ಯಪ್ಪಾ, ಒಂದೀಟ ಎತ್ತ ಹೂಡಿಕೊಂಡ ಬಾ. ಪುಣ್ಯಾ ಬರ್ತೈತಿ."

"ಇವತ್ತ ಪುಣ್ಯಾ ಬರಾಂಗಿಲ್ಲ ಸಾಬಣ್ಣ, ಪಾಪನ ಬರ್ತೈತಿ. ಸೋಮಾರ ಐತಿ."

"ಸೋಮಾರ? ರವಿವಾರ ಅಲ್ಲೇನು?"

"ರವಿವಾರ ನಿನ್ನೆ ಬಂದ ಹೋತು. ನೀ ಎಲ್ಲಿದ್ದಿ?"

ಗುಡುಸಾಬ ಬೆರಳು ಮಡಚಿ ವಾರಗಳನ್ನು ಮತ್ತೆ ಎಣಿಸಿದರು. ಅವರು ಎತ್ತಿಗಾಗಿ ಎರಡನೆಯ ಸಲ ಕೇಳಲಿಲ್ಲ. "ಅವರ ವಾರ ಅವರಿಗೆ. ನಾನೂ ಇದೇ ಮಣ್ಣಾಗ ಹುಟ್ಟಿದಾವ" ಎನ್ನುತ್ತಾರೆ. ಮೋಡ ಮತ್ತೆ ಕವಿಯುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಹಳ್ಳ ಈ ದಾರಿಗೇ ಬರುತ್ತದೆ.

ಗಾಡಿ ಯಾರದು ಎಂದು ಅಮೋಘಿ ಕೇಳಿದ. ಡಾಕ್ಟರ್ ಬಾಯಿಯವರದು ಎಂದಾಗ ಬಾಯಲ್ಲಿದ್ದ ಕಡ್ಡಿ ಉಗುಳಿ ಊರ ಕಡೆಗೆ ಓಡಿದ. ಅರ್ಧ ತಾಸಿನಲ್ಲಿ ಮೂವತ್ತು ಮಂದಿ ಬಂದರು. ಎತ್ತಿಗೆ ಬಿಡುವಾದ್ದರಿಂದ ಹೊಲಕ್ಕೆ ಯಾರೂ ಹೋಗಿರಲಿಲ್ಲ, ಊರಿಗೆ ಊರೇ ಮನೆಯಲ್ಲಿತ್ತು. ಮುಂದೆ ಅಮೋಘಿಯ ಹೆಂಡತಿ ದುಂಡವ್ವ. ಆಕೆಯ ಮೂರು ಹೆರಿಗೆಯೂ ತುಂಗಾಬಾಯಿಯವರ ಕೈಯಲ್ಲಿ ಆದದ್ದು.

"ಎತ್ತಿಗೆ ಸೋಮಾರ ಐತಿ" ಎಂದಳು ಗಂಡನ ಕಡೆ ನೋಡಿ. "ನಮಗ್ಯಾವ ವಾರ ಐತೋ? ಸೋಮಾರನೂ ರೊಟ್ಟಿ ಬಡೀತೀವಿ. ಹಿಡೀರಿ, ಎತ್ತೂಣು."

ಎಲ್ಲರೂ ಕಾರಿಗೆ ಕೈಹಾಕಲು ಬಂದಾಗ ಗುಡುಸಾಬ ಅಡ್ಡ ನಿಂತರು. ಗಂಡಸರ ಕೈಯಲ್ಲಿ ಬೆಳ್ಳಿಯ ಕಡಗ, ಉಂಗುರ. ಅವನ್ನು ತೆಗೆಸಿದರು. ಹೆಂಗಸರ ಕೈತುಂಬ ಹಸಿರು ಬಳೆ. ಮುತ್ತೈದೆಯರಿಗೆ ಬಳೆ ತೆಗೆಯಿರಿ ಎನ್ನುವುದು ಹೇಗೆ? ಬಳೆಯನ್ನೂ ಕಾರನ್ನೂ ಮತ್ತೆ ಮತ್ತೆ ನೋಡುತ್ತಿದ್ದ ಅವರನ್ನು ಕಂಡು ದುಂಡವ್ವನಿಗೆ ತಿಳಿಯಿತು. ಮನೆಮನೆಯಿಂದ ಕೌದಿ ತರಿಸಿದಳು. ಹಳೆಯ ಸೀರೆ ಸೇರಿಸಿ ಹೊಲಿದ ಹನ್ನೊಂದು ಕೌದಿ ಕಾರಿಗೆ ಸುತ್ತಿದರು.

"ಬಾಣಂತಿ ಕಂಡಂಗ ಕಾಣ್ತೈತಿ ಬೇ" ಎಂದು ಯಾರೋ ನಕ್ಕರು.

ಮುಂದಿನ ದೀಪದ ಬಳಿ ಮಾತ್ರ ಕೌದಿ ನಿಲ್ಲಲಿಲ್ಲ. ಆ ಗುಂಡನೆಯ ಬಾಗಿನಲ್ಲಿ ತೊಯ್ದ ಬಟ್ಟೆ ಜಾರಿ ಜಾರಿ ಬೀಳುತ್ತಿತ್ತು. ಅಲ್ಲಿ ಬರಿಗೈ ಬೇಕು, ಗಂಡಸರ ಬಲವೆಲ್ಲ ಹಿಂದೆ ಬೇಕು. ಬೇಲಿಯ ಹತ್ತಿರ ಒಬ್ಬಳು ಒಂಟಿಯಾಗಿ ನಿಂತಿದ್ದಳು. ತಾಯವ್ವ. ಗಂಡ ತೀರಿ ಎರಡು ವರ್ಷ. ಹೊಸ ಗಾಡಿ, ಪೂಜೆಯಾಗದ ಗಾಡಿ ಎಂದು ಯಾರೂ ಹೇಳದೆಯೇ ಹಿಂದೆ ಉಳಿದಿದ್ದಳು. ಆಕೆ ಒಂದು ಹೆಜ್ಜೆ ಮುಂದಿಟ್ಟಳು.

"ನನ್ನ ಕೈಯಾಗ ಏನೂ ಇಲ್ರಿ."

"ತಾಯವ್ವಾ, ಹೊಸಾದು ಐತಿ ಬೇ, ಹಿಂದ ಸರಿ" ಎಂದಳು ಮುದುಕಿ ಬೋರವ್ವ.

"ಆಕಿ ಕೈನ ಬೇಕ್ರಿ ನನಗ" ಎಂದರು ಗುಡುಸಾಬ. "ಬಾ ತಂಗಿ, ಇಲ್ಲಿ ಹಿಡಿ."

ತಾಯವ್ವ ಕೆಸರಿನಲ್ಲಿ ಮಂಡಿಯೂರಿ ಎರಡೂ ಅಂಗೈ ಕೊಟ್ಟಳು. ಮೂವತ್ತು ಮಂದಿ ಒಂದೇ ಉಸಿರಿಗೆ ಎತ್ತಿದರು. ಕಾರು ಕಿತ್ತು ಮೇಲೆ ಬಂದಾಗ ಎರೆಮಣ್ಣು ಲೊಚಕ್ಕೆಂದಿತು. ಹತ್ತು ಹೆಜ್ಜೆ ಎತ್ತುವುದು, ಇಳಿಸುವುದು. ಮತ್ತೆ ಹತ್ತು ಹೆಜ್ಜೆ. ಕಡೆಯವರೆಗೂ ತಾಯವ್ವ ಆ ಬಾಗನ್ನು ಬಿಡಲಿಲ್ಲ. ಎರಡು ಸಲ ಜಾಲಿಮುಳ್ಳು ಆಕೆಯ ಮೊಳಕೈ ತರಚಿತು, ಕಾರಿಗೆ ತಾಗಲಿಲ್ಲ. ಗಟ್ಟಿ ರಸ್ತೆಗೆ ಬಂದಾಗ ಕೌದಿ ಯಾವುದು, ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ಕೌದಿ ಬಿಚ್ಚಿ ಕಾರು ಹೊರಟ ಹತ್ತು ನಿಮಿಷಕ್ಕೆ ಬೆನ್ನ ಹಿಂದೆ ಜೈನಾಪುರದ ಮೇಲೆ ಮಳೆ ಬಿತ್ತು.

ಬಬಲೇಶ್ವರದ ದವಾಖಾನೆಯ ಮುಂದೆ ಕಾರು ನಿಂತಾಗ ತುಂಗಾಬಾಯಿಯವರು ಕೈ ಒರೆಸಿಕೊಳ್ಳುತ್ತಾ ಹೊರಬಂದರು. ಆಗಷ್ಟೇ ಹುಟ್ಟಿದ ಕೂಸಿನ ಬೆರಳೆಣಿಸುವ ಹಾಗೆ ಕಾರನ್ನು ಸುತ್ತು ಹಾಕಿ ನೋಡಿದರು. ಒಂದು ಕಡೆ ನಿಂತುಬಿಟ್ಟರು. ಮುಂದಿನ ದೀಪದ ಬಾಗಿನ ಮೇಲೆ ಕಪ್ಪಗೆ ಐದು ಗೆರೆ.

"ಇದೇನಿದು, ಗುಡುಸಾಬ?"

ಗುಡುಸಾಬ ದವಾಖಾನೆಯ ಒಳಗಿನಿಂದ ಒಂದು ಕೊಡ ನೀರು ತಂದರು. ಕೈಯಿಂದ ಒರೆಸುವಂತಿಲ್ಲ. ಕೊಡ ಎತ್ತಿ ನಿಧಾನವಾಗಿ ನೀರು ಬಿಟ್ಟರು. ಒಂದು ಗೆರೆ ಇಳಿಯಿತು, ಇನ್ನೊಂದು ಇಳಿಯಿತು. ತಾಯವ್ವನ ಕೆಸರು ಬೆರಳಿನ ಐದು ಗುರುತೂ ಹೋಗಿ ಅಡಿಯಲ್ಲಿ ಕೆಂಪು ಬಣ್ಣ ಕನ್ನಡಿಯಂತೆ ಉಳಿಯಿತು. ಅವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. "ಹದಿನೆಂಟು ವರ್ಷದಾಗ ಹಿಂಗ ಎಂದೂ ಕೂತಿಲ್ರಿ."

ನಡೆದದ್ದನ್ನು ಕೇಳಿದ ತುಂಗಾಬಾಯಿಯವರು ಬಾನೆಟ್ಟಿನ ಮೇಲೆ ಕಾಗದ ಇಡದೆ, ಮೊಣಕಾಲ ಮೇಲೆ ಇಟ್ಟುಕೊಂಡು ಸಹಿ ಹಾಕಿದರು. ಕುಂಕುಮದ ಬಟ್ಟಲು ತಂದ ಆಳಿಗೆ ಹೇಳಿದರು: "ಒಯ್ದು ಒಳಗಿಡು. ಜೈನಾಪುರದಾಗ ಇದರ ಪೂಜಿ ಆಗ್ಯದ." ಮರುದಿನ ಅವರು ತಾಯವ್ವನ ಮೊಳಕೈಗೆ ಔಷಧಿ ಹಚ್ಚಲು ಹೋದದ್ದು ಚಕ್ಕಡಿಯಲ್ಲೇ. ಕಾರು ಓಡಿಸಲು ಅವರಿಗೆ ಬರುತ್ತಿರಲಿಲ್ಲ.

ಕೌದಿಯ ಸಂಗತಿ ಕೇಳಿ ಸಂಗಮೇಶ, "ಇದನ್ನ ಕಂಪನಿಗೆ ಬರೀಲೋ ಬ್ಯಾಡೋ?" ಎಂದರಂತೆ.

"ಬ್ಯಾಡ್ರಿ. ಕೌದಿ ಅಂದ್ರೇನು ಅಂತ ತಿರುಗಿ ಕಾಗದ ಹಾಕ್ತಾರ."

ಅಂದಿನಿಂದ ಒಂದು ತಿಂಗಳಾಯಿತು, ಬಿಡುವಿದ್ದ ದಿನವೆಲ್ಲ ಗುಡುಸಾಬ ತುಂಗಾಬಾಯಿಯವರಿಗೆ ಕಾರು ಕಲಿಸುತ್ತಿದ್ದಾರೆ. ಮೊದಮೊದಲು ಇಟ್ಟಂಗಿಹಾಳದ ಕಡೆಯ ಖಾಲಿ ರಸ್ತೆಯಲ್ಲಿ. "ಬಿಗಿ ಹಿಡೀಬ್ಯಾಡ್ರಿ ಬಾಯಾರ, ಉಸರ ಬಿಡ್ರಿ" ಎಂದರೆ ಅವರು ನಗುತ್ತಾರೆ: "ಅದು ನಾ ಹಡಿಯೂ ಹೆಣ್ಮಕ್ಕಳಿಗೆ ಹೇಳೂ ಮಾತು. ನನಗ ಹೇಳ್ತೀರಿ?"

ಹೋದ ವಾರ ಒಂದು ಮಧ್ಯಾಹ್ನ ದವಾಖಾನೆಯ ಕಟ್ಟೆಯ ಮೇಲೆ ಗುಡುಸಾಬ ಕೂತಿದ್ದಾಗ ಘೋಣಸಗಿಯಿಂದ ಸೈಕಲ್ಲಿನಲ್ಲಿ ಒಬ್ಬ ಬಂದ. ಚೊಚ್ಚಲು, ಬೆಳಗಿನಿಂದ ಬೇನೆ. ತುಂಗಾಬಾಯಿಯವರು ಪೆಟ್ಟಿಗೆ ಎತ್ತಿಕೊಂಡರು. ಗುಡುಸಾಬ ಪಕ್ಕದ ಬಾಗಿಲಿಗೆ ಕೈಯಿಟ್ಟರು.

"ನೀವು ಇಲ್ಲೇ ಇರ್ರಿ" ಎಂದರು ಬಾಯಿಯವರು. "ಬರೂವಾಗ ಬಾಣಂತೀನ ಕರ್ಕೊಂಡ ಬರೂದಾದ್ರ ಆ ಸೀಟು ಬೇಕಾಗ್ತದ."

ಕಾರು ಒಮ್ಮೆ ಜಗ್ಗಿತು, ಮತ್ತೆ ಹೊರಟಿತು. ಗುಡುಸಾಬ ರಸ್ತೆಯ ನಡುವೆ ನಿಂತು, ತಲೆ ಓರೆ ಮಾಡಿ ಕೇಳುತ್ತಾರೆ. ದವಾಖಾನೆಯಿಂದ ಚಹಾ ತಂದು ಎದುರಿಗೆ ನಿಂತವರಿಗೆ ಕೈಯಿಂದಲೇ ತಡೆಯಿರಿ ಎನ್ನುತ್ತಾರೆ. ಏರಿನ ಹತ್ತಿರ ಸದ್ದು ಕುಗ್ಗುತ್ತದೆ. ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಆಮೇಲೆ ದೂರದಿಂದ, ಹಗುರವಾಗಿ, ಎಂಜಿನ್ನಿನ ಸದ್ದು ಒಂದೇ ಸಮನೆ ಬರುತ್ತದೆ.

"ಏರ ದಾಟಿದ್ರು" ಎನ್ನುತ್ತಾರೆ ಗುಡುಸಾಬ. "ಗೇರ ಒಂದೀಟೂ ಕಿರ್ ಅನ್ಲಿಲ್ಲ. ಇನ್ನ ಕೊಡ್ರಿ ಚಾ."