ಮುದ್ದೆಯೊಳಗಿನ ಮಾತ್ರೆ

ನಾಗೇಶ, ಆ ಮಾತ್ರೆಯನ್ನು ಮುದ್ದೆಯಲ್ಲಿಟ್ಟವಳು ನಾನೇ. ಡಾಕ್ಟರ ಎದುರಿಗೆ ಇಲ್ಲವೆಂದವಳೂ ನಾನೇ — ನಿನ್ನ ಒಡಹುಟ್ಟಿದ ಅಕ್ಕ.

ಗುಬ್ಬಿಯ ಮನೆಯಲ್ಲಿ ಆಗ ಯಾರು ಬಡಿಸಿದರೂ ನೀನು ತಟ್ಟೆ ಮುಟ್ಟುತ್ತಿರಲಿಲ್ಲ. ಊಟಕ್ಕೆ ಏನೋ ಬೆರೆಸುತ್ತಾರೆ ಎಂಬ ಅನುಮಾನವೇ ನಿನ್ನ ಕಾಯಿಲೆ. ಮಾತ್ರೆ ಕೊಟ್ಟರೆ ಉಗುಳುತ್ತಿದ್ದೆ. ತುಮಕೂರಿನ ಡಾಕ್ಟರು, "ಗೊತ್ತಾಗದ ಹಾಗೆ ಊಟದಲ್ಲಿ ಕೊಡಿ" ಎಂದು ಕೈತೊಳೆದುಕೊಂಡರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ನುಂಗುತ್ತಾರೆ — ಕಹಿ ತಿಳಿಯದು. ಮಾತ್ರೆ ಪುಡಿಮಾಡಿ ಮುದ್ದೆಯ ಒಂದು ಮಗ್ಗುಲಿಗೆ ಒತ್ತಿ, ಇನ್ನೊಂದು ಮಗ್ಗುಲಿಂದ ಮುರಿದು ನಾನೇ ನಿನ್ನೆದುರು ನುಂಗಿ ತೋರಿಸುತ್ತಿದ್ದೆ. "ಅಕ್ಕ ತಿಂದ್ಮೇಲೆ ಭಯ ಇಲ್ಲ ಬುಡು" ಎಂದು ನೀನು ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಪುಡಿಯಾಗದ ಚೂರೊಂದು ನಿನ್ನ ಬೆರಳಿಗೆ ಸಿಕ್ಕಿತು.

"ಇದೇನಕ್ಕ, ಬೆಳ್ಳಗೈತೆ?"

"ನುಚ್ಚು ಕಣೋ, ಬೆಂದಿಲ್ಲ."

ನೀನು ನಂಬಲಿಲ್ಲ. ಹಟ ಹಿಡಿದು ನನ್ನನ್ನೂ ಎಳೆದುಕೊಂಡು ತುಮಕೂರಿಗೆ ಹೋದೆ. ಅಲ್ಲಿ ಹಳೆಯ ಡಾಕ್ಟರು ಹೋಗಿ ಹೊಸಬರು ಬಂದಿದ್ದರು; ಊಟದಲ್ಲಿ ಮಾತ್ರೆ ಕೊಡುವ ವಿಷಯ ಅವರಿಗೆ ಗೊತ್ತಿರಲಿಲ್ಲ. "ಸಾರ್, ನಮ್ಮಕ್ಕ ಮುದ್ದೇಲಿ ಏನೋ ಹಾಕ್ತಾಳೆ" ಎಂದೆ. ಅವರು ನನ್ನ ಮುಖ ನೋಡಿದರು. ಹೌದೆಂದರೆ — ನಾಳೆಯಿಂದ ನೀನು ನನ್ನ ಕೈಯಲ್ಲೂ ಉಣ್ಣದಿದ್ದರೆ? "ಇಲ್ಲ ಸಾರ್, ಅವ್ನಿಗೆ ಹಂಗನ್ಸುತ್ತೆ" ಎಂದುಬಿಟ್ಟೆ. ಕಾಯಿಲೆ ಹೆಚ್ಚಾಗಿದೆಯೆಂದು ಅವರು ಇಂಜೆಕ್ಷನ್ ಶುರುಮಾಡಿದರು. ಲೋಟ ಹಿಡಿಯಲಾಗದಷ್ಟು ನಿನ್ನ ಕೈ ನಡುಗತೊಡಗಿತು. "ನನ್ ತಲೇನೇ ಸರಿಯಿಲ್ಲ" ಎಂದು ನೀನು ಒಪ್ಪಿಕೊಂಡೆ. ಆಮೇಲಾದರೂ ನಾನೊಬ್ಬಳೇ ಹೋಗಿ ಅವರಿಗೆ ಹೇಳಬಹುದಿತ್ತು. ಹೋಗಲಿಲ್ಲ.

ಈಗ ರೋಗಿಗಳ ಮನೆಯವರ ಸಭೆಗಳಲ್ಲಿ ಡಾಕ್ಟರುಗಳು ವಾದ ಮಾಡುತ್ತಾರೆ — ಹೇಳದೆ ಔಷಧಿ ಕೊಡುವುದು ತಪ್ಪೆಂದು ಒಬ್ಬರು, ಕೊಡದೆ ಸಾಯಬಿಡಬೇಕೇ ಎಂದು ಇನ್ನೊಬ್ಬರು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಕೇಳಿ ಮೈಯೆಲ್ಲ ಉರಿಯುತ್ತದೆ. ನಿಜ ಹೇಳಿದವನನ್ನೇ ಭ್ರಮೆ ಹಿಡಿದವನೆಂದು ಸಾಧಿಸಿದ್ದರ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ.

ನೀನೀಗ ಕುಣಿಗಲ್ಲಿನಲ್ಲಿ ಸೈಕಲ್ ಶಾಪ್ ನಡೆಸುತ್ತೀಯ, ಮಾತ್ರೆ ನೀನೇ ತೆಗೆದುಕೊಳ್ಳುತ್ತೀಯ. ಆದರೂ ಕಣ್ಣೆದುರೇ ಮಳೆ ಬರುತ್ತಿದ್ದರೆ, "ಬರ್ತಾ ಐತಾ?" ಎಂದು ಹೆಂಡತಿಯನ್ನು ಕೇಳುತ್ತೀಯ. ಹೋದ ಹಬ್ಬಕ್ಕೆ ಬಂದಾಗ, "ಅವತ್ತು ನಿನ್ ಮೇಲೇ ಅನುಮಾನ ಪಟ್ಟೆ. ಮನಸ್ಸಲ್ಲಿ ಇಟ್ಕಬೇಡ ಕಣಕ್ಕ" ಎಂದೆ. "ಹೋಗ್ಲಿ ಬುಡೋ" ಎಂದೆ ನಾನು. ಕ್ಷಮಿಸಿದ್ದು ನಾನು — ನಿನ್ನನ್ನು!

ಭಾನುವಾರ ಕುಣಿಗಲ್ಲಿಗೆ ಬರುತ್ತೇನೆ. ಅವತ್ತು ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತೆಂದು ನಿನ್ನ ಹೆಂಡತಿಯ ಎದುರೇ ಹೇಳುತ್ತೇನೆ. ಆಮೇಲೆ ನನ್ನ ಕೈಯ ನೀರನ್ನೂ ಮುಟ್ಟಬಾರದೆನ್ನಿಸಿದರೆ — ಮುಟ್ಟಬೇಡ.