ಎರಡು ಪಾಳಿಯ ಒಂದು ತಂಡ

ಹೊಸ ಮ್ಯಾನೇಜರ್ ಬಂದ ಎಂದರೆ ಹೊಸ ಜೆರ್ಸಿ ಬಂತು ಎಂದೇ ಅರ್ಥ. ಭದ್ರಾವತಿಯ ಭದ್ರಾ ಫ್ರೆಂಡ್ಸ್ ಫುಟ್‌ಬಾಲ್ ತಂಡದಲ್ಲಿ ಹದಿನಾಲ್ಕು ವರ್ಷ ಆಡಿ, ಕ್ಯಾಪ್ಟನ್ನೂ ಆಗಿದ್ದ ಮುರಳಿ ಕಂಡುಕೊಂಡ ಸತ್ಯ ಇಷ್ಟೇ. ಒಬ್ಬ ಮ್ಯಾನೇಜರ್ ಬಂದು ನೀಲಿ ಜೆರ್ಸಿ ಹೊಲಿಸಿದ. ಇನ್ನೊಬ್ಬ ಹಳದಿ ಹೊಲಿಸಿದ. ಮೂರನೆಯವನು ಮಹಾ ಬುದ್ಧಿವಂತ, ಹಳದಿಗೆ ಪಟ್ಟೆ ಹಾಕಿಸಿದ! ಮೂವರೂ ‘ತಂಡವನ್ನು ಹೊಸದಾಗಿ ಕಟ್ಟುತ್ತೇನೆ’ ಎಂದು ಭಾಷಣ ಬಿಗಿದರು, ಹಾರ ಹಾಕಿಸಿಕೊಂಡರು. ತಂಡ ಸೋಲುತ್ತಲೇ ಹೋಯಿತು.

ಹೀಗಿರುವಾಗ ತೊಂಬತ್ತಾರರಲ್ಲಿ ಚೌಡಪ್ಪ ಮ್ಯಾನೇಜರ್ ಆದ ಎಂದು ಕೇಳಿ ಮುರಳಿ ಮೂಗು ಮುರಿದದ್ದರಲ್ಲಿ ತಪ್ಪೇನಿದೆ? ಚೌಡಪ್ಪ ಫೌಂಡ್ರಿಯಲ್ಲಿ ಮೋಲ್ಡರ್. ಮರಳಿನಲ್ಲಿ ಅಚ್ಚು ಮಾಡಿ ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಐವತ್ತು ದಾಟಿದ ಮನುಷ್ಯ, ಜನ್ಮದಲ್ಲಿ ಒಂದು ಪಂದ್ಯ ಆಡಿದವನಲ್ಲ. ಇಪ್ಪತ್ತು ವರ್ಷ ಗೋಲ್ ಕಂಬದ ಹಿಂದೆ ನಿಂತು, ಆಚೆ ಹೋದ ಚೆಂಡನ್ನು ಎತ್ತಿ ಕೊಟ್ಟಿದ್ದ, ಅಷ್ಟೇ. ಬೇರೆ ಯಾರೂ ಒಪ್ಪದಿದ್ದಾಗ ಕ್ಲಬ್ಬಿನ ಕಾರ್ಯದರ್ಶಿ ಗಣಪಯ್ಯ ಜವಾಬ್ದಾರಿಯನ್ನು ಅವನ ಕೊರಳಿಗೆ ಕಟ್ಟಿದ್ದ.

“ನೋಡು ಚೌಡಪ್ಪ, ಈ ಸಲಾನೂ ಲೀಗ್‌ನಲ್ಲಿ ಕೊನೇ ಸ್ಥಾನಕ್ಕೆ ಬಂದ್ರೆ ಕ್ಲಬ್ಬಿಗೆ ಬೀಗ ಹಾಕೋದೇ. ನನಗಂತೂ ಸಾಕಾಗಿದೆ,” ಎಂದು ಗಣಪಯ್ಯ ಎಲ್ಲರೆದುರೇ ಹೇಳಿಬಿಟ್ಟ.

ಚೌಡಪ್ಪ ಭಾಷಣ ಮಾಡಲಿಲ್ಲ. “ಜೆರ್ಸಿ ಹಳೇದೇ ಇರ್ಲಿ, ಒಗೆದು ಹಾಕ್ಕೊಳ್ಳಿ,” ಎಂದ. ಅಷ್ಟಕ್ಕೇ ಮುರಳಿಗೆ ಸ್ವಲ್ಪ ಆಶ್ಚರ್ಯವಾಯಿತು.

ಆಟಗಾರರೆಲ್ಲ ಅದೇ ಫೌಂಡ್ರಿಯವರು. ಅಲ್ಲಿ ಎರಡು ಪಾಳಿ: ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು. ಕೆಲಸ ಒಂದು ದಿನವೂ ನಿಲ್ಲುವ ಹಾಗಿಲ್ಲವಾದ್ದರಿಂದ ವಾರದ ರಜೆಯೂ ಒಬ್ಬೊಬ್ಬರಿಗೆ ಒಂದೊಂದು ದಿನ. ಮುರಳಿ, ಜ್ಞಾನೇಶ ಸೇರಿ ಮೊದಲ ಪಾಳಿಯ ಆರು ಜನ ಸಂಜೆ ಮೈದಾನಕ್ಕೆ ಬಂದರೆ, ಎರಡನೇ ಪಾಳಿಯ ಐವರು ಬೆಳಿಗ್ಗೆ ಬರಬೇಕು. ಪಾಪ, ಚೌಡಪ್ಪನದು ಮೊದಲ ಪಾಳಿ. ಬೆಳಗಿನವರಿಗಾಗಿ ಒಂದೊಂದು ಗಂಟೆ ಪರ್ಮಿಶನ್ ಕೇಳಿ ಓಡಿಬರುತ್ತಿದ್ದ, ಸಂಜೆಯವರಿಗಾಗಿ ಮನೆಗೂ ಹೋಗದೆ ನೇರ ಬರುತ್ತಿದ್ದ. ಹೆಂಡತಿ ಶೇಷಮ್ಮ ಡಬ್ಬಿ ಹಿಡಿದುಕೊಂಡು ಮೈದಾನಕ್ಕೇ ಬಂದು ಉಣ್ಣಿಸುವ ಹಾಗಾಯಿತು. ಎರಡೂ ಗುಂಪು ಚೆನ್ನಾಗಿಯೇ ಪಳಗಿದವು.

ಶಿವಮೊಗ್ಗದಲ್ಲಿ ಮೊದಲ ಪಂದ್ಯ. ಎದುರಾಳಿ ವಿನೋಬನಗರದ ಹುಡುಗರ ತಂಡ. ರಜೆ ಹಾಕಿ ಹನ್ನೊಂದೂ ಜನ ಹೋದರು. ಆಮೇಲೆ ಆದದ್ದನ್ನು ನೆನೆದರೆ ಮುರಳಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊದಲ ಪಾಳಿಯವನ ಕಾಲಿಗೆ ಚೆಂಡು ಸಿಕ್ಕರೆ ಮೊದಲ ಪಾಳಿಯವನಿಗೇ ಪಾಸು. ಎರಡನೇ ಪಾಳಿಯ ಆನಂದ್ ಗೋಲಿನ ಮುಂದೆ ಒಬ್ಬನೇ ನಿಂತು ಕೈ ಬೀಸಿದರೂ ಮುರಳಿಯ ಕಣ್ಣಿಗೆ ಅವನು ಬೀಳಲೇ ಇಲ್ಲ!

“ಏನ್ರೀ, ಭದ್ರಾವತಿಯಿಂದ ಎರಡು ಟೀಮ್ ಬಂದಿದ್ಯಾ?” ಎಂದು ಯಾರೋ ಕೂಗಿದ. ಮೈದಾನದ ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ಸೊನ್ನೆ ಸೋಲು.

ವಾಪಸು ಬರುವ ಬಸ್ಸಿನಲ್ಲಿ ಚೌಡಪ್ಪ ಎದ್ದು ನಿಂತ. “ತಪ್ಪು ನಂದೇ. ಅರ್ಧ ಅಚ್ಚು ಇಲ್ಲಿ ಮಾಡಿ, ಅರ್ಧ ಅಚ್ಚು ಅಲ್ಲಿ ಮಾಡಿ, ಎರಡನ್ನೂ ಸೇರಿಸಿ ನೋಡ್ಲೇ ಇಲ್ಲ ನಾನು,” ಎಂದ. ಇಷ್ಟು ವರ್ಷದಲ್ಲಿ ಒಬ್ಬ ಮ್ಯಾನೇಜರ್ ತಪ್ಪು ಒಪ್ಪಿಕೊಂಡದ್ದನ್ನು ಮುರಳಿ ಕೇಳಿದ್ದು ಅದೇ ಮೊದಲು.

ಮಾರನೇ ದಿನದಿಂದ ಚೌಡಪ್ಪ ಬೇಡುವುದಕ್ಕೆ ಹೊರಟ. ಎರಡನೇ ಪಾಳಿಯ ಐವರು ಆಟಗಾರರು ಮೊದಲ ಪಾಳಿಗೆ ಬರಬೇಕಾದರೆ ಮೊದಲ ಪಾಳಿಯ ಐವರು ಅತ್ತ ಹೋಗಬೇಕು. ಮಕ್ಕಳ ಮುಖ ನೋಡುವ ಹೊತ್ತನ್ನು ಫುಟ್‌ಬಾಲಿಗಾಗಿ ಯಾರು ಬಿಟ್ಟುಕೊಡುತ್ತಾರೆ? ಆದರೂ ಮನೆಮನೆಗೆ ಹೋಗಿ, ಟೀ ಕುಡಿದು, ಬೈಸಿಕೊಂಡು, ನಾಲ್ವರನ್ನು ಒಪ್ಪಿಸಿದ. ಬದಲಿ ಸಿಗದೆ ಉಳಿದವನು ಎರಡನೇ ಪಾಳಿಯ ಗೋಲ್‌ಕೀಪರ್ ಶಿವರಾಮ. ಅವನೂ ಮೋಲ್ಡರ್, ಅವನ ಜಾಗಕ್ಕೆ ಮೋಲ್ಡರೇ ಬೇಕು. ಯಾರೂ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ಬಿಡು, ನಾನೇ ಹೋಗ್ತೀನಿ,” ಎಂದ ಚೌಡಪ್ಪ.

“ನಿಮಗೇನು ತಲೆ ಕೆಟ್ಟಿದ್ಯಾ ಚೌಡಣ್ಣ? ಸಂಜೆ ಪ್ರಾಕ್ಟೀಸ್ ಯಾರು ಮಾಡ್ಸೋದು? ಮ್ಯಾಚಿಗೆ ಯಾರು ಬರೋದು?” ಮುರಳಿ ರೇಗಿಯೇಬಿಟ್ಟ.

“ನೀನಿದ್ದೀಯಲ್ಲ ಮಾರಾಯ. ದಿನಾ ಎರಡು ಗಂಟೆಗೆ ನೀನು ಹೊರಗೆ ಬರ್ತೀಯ, ನಾನು ಒಳಗೆ ಹೋಗ್ತೀನಿ. ಗೇಟಲ್ಲಿ ಎರಡು ನಿಮಿಷ ಮಾತಾಡೋಣ. ಸಾಕು.”

ಎರಡು ತಿಂಗಳು ಹಾಗೇ ನಡೆಯಿತು. ಗೇಟಿನಲ್ಲಿ ನಿಂತು ಮುರಳಿ ಹೇಳಬೇಕು, ಚೌಡಪ್ಪ ಕೇಳಬೇಕು. “ಜ್ಞಾನೇಶನ ಎಡಗಾಲು ಹೆಂಗಿದೆ? ಆನಂದ್‌ಗೆ ಪಾಸ್ ಕೊಡ್ತಿದ್ದೀಯಾ ಇಲ್ವಾ?” ಅಷ್ಟರಲ್ಲಿ ಸೈರನ್. ಹನ್ನೊಂದೂ ಜನ ದಿನಾ ಒಟ್ಟಿಗೆ ಆಡುತ್ತಿದ್ದರು, ಒಟ್ಟಿಗೆ ಜಗಳವಾಡುತ್ತಿದ್ದರು. ಒಂದು ಪಂದ್ಯ ಗೆದ್ದರು, ಎರಡು ಸೋತರು. ವಿನೋಬನಗರದವರ ಮೇಲೆಯೇ ಕೊನೆಯ ಪಂದ್ಯ ಬಂತು. ಸೋಲದೆ ಉಳಿದರೆ ಕ್ಲಬ್ಬೂ ಉಳಿಯುತ್ತಿತ್ತು.

ಅಂದು ಸಂಜೆ ಏಳೂವರೆ. ರಜೆ ಸಿಗದ ಚೌಡಪ್ಪ ಊಟದ ವಿರಾಮಕ್ಕೆ ಗೇಟಿಗೆ ಓಡಿಬಂದ. ಮೈತುಂಬ ಕಪ್ಪು ಮರಳು. ಶಿವಮೊಗ್ಗದ ಬಸ್ಸಿಳಿದು ನೇರ ಬಂದಿದ್ದ ಮುರಳಿ ಆಚೆಯಿಂದಲೇ ಕೂಗಿದ: “ಒಂದು ಒಂದು ಡ್ರಾ ಚೌಡಣ್ಣ! ಕ್ಲಬ್ ಉಳೀತು!”

ಕುಣಿಯುತ್ತಾನೆ ಎಂದುಕೊಂಡರೆ ಚೌಡಪ್ಪ ಗೇಟಿನ ಸರಳು ಹಿಡಿದು ಕೇಳಿದ: “ಗೋಲು ಹೆಂಗಾಯ್ತು? ಅದನ್ನ ಹೇಳು. ಅದೃಷ್ಟಕ್ಕೆ ಆಯ್ತಾ?”

“ಅದೃಷ್ಟ ಎಲ್ಲಿಂದ ಬಂತು! ಶಿವರಾಮ ಬಾಲ್ ಹಿಡಿದು ನನಗೆ ಎಸೆದ. ನಾನು ಆನಂದ್‌ಗೆ ಕೊಟ್ಟೆ. ಆನಂದ್ ಜ್ಞಾನೇಶಂಗೆ. ಜ್ಞಾನೇಶ ಎಡಗಾಲಲ್ಲೇ ಒಳಗೆ ನುಗ್ಗಿಸಿದ.”

ಚೌಡಪ್ಪ ಬೆರಳು ಮಡಚುತ್ತಾ ತನಗೆ ತಾನೇ ಹೇಳಿಕೊಂಡ: “ಎರಡನೇ ಪಾಳಿಯಿಂದ ಮೊದಲನೇದಕ್ಕೆ. ಅಲ್ಲಿಂದ ಎರಡನೇದಕ್ಕೆ. ಮತ್ತೆ ಮೊದಲನೇದಕ್ಕೆ.”

“ಅಯ್ಯೋ ಹೌದಲ್ಲ! ಅಲ್ಲಿ ಒಬ್ಬರಿಗೂ ಪಾಳಿ ನೆನಪೇ ಇರ್ಲಿಲ್ಲ ಚೌಡಣ್ಣ!”

ಚೌಡಪ್ಪನ ಕಣ್ಣು ತುಂಬಿ ಬಂತು, ಕಪ್ಪು ಕೆನ್ನೆಯ ಮೇಲೆ ನೀರು ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ, ನಕ್ಕ.

“ಹಂಗಾದ್ರೆ ಟೀಮ್ ಆಯ್ತು ಮಾರಾಯ. ನಾನಿಲ್ದೇನೂ ಆಡುತ್ತೆ.”